ಶಿಕ್ಷಕನ ಮೊದಲ ಅರ್ಹತೆ: ಕುಂಭೋಜದ ಭಾವೂರಾವ್ ಕಲಿಸಿದ ಪಾಠ

ಇಪ್ಪತ್ತನೆಯ ಶತಮಾನದ ಆರಂಭದ ವರ್ಷಗಳು. ಕೊಲ್ಲಾಪುರದ ಜೈನ ವಿದ್ಯಾರ್ಥಿ ವಸತಿಗೃಹದಲ್ಲಿದ್ದ ಹುಡುಗನೊಬ್ಬ ಊರಿನಲ್ಲಿ ನಡೆದ ಸಮಾರಂಭವೊಂದಕ್ಕೆ ಹೋಗಿ ಬಂದ. ಅಸ್ಪೃಶ್ಯರೆಂದು ಸಮಾಜ ದೂರವಿಟ್ಟಿದ್ದ ಕುಲಗಳ ಮಕ್ಕಳಿಗಾಗಿ ತೆರೆದ ವಿದ್ಯಾರ್ಥಿನಿಲಯದ ಉದ್ಘಾಟನೆ ಅದು. ಮರಳಿ ಬಂದವನಿಗೆ, ಸ್ನಾನ ಮಾಡಿ ಶುದ್ಧನಾಗಬೇಕೆಂಬ ಅಪ್ಪಣೆಯಾಯಿತು. ಹುಡುಗ ಒಪ್ಪಲಿಲ್ಲ. ಮನುಷ್ಯರ ನಡುವೆ ಕುಳಿತು ಬಂದದ್ದರಿಂದ ಯಾವ ಮೈಲಿಗೆಯೂ ತನಗೆ ತಗುಲಿಲ್ಲವೆಂಬುದು ಅವನ ನಿಲುವು. ಅದರ ಫಲವಾಗಿ ಅವನು ಆ ವಸತಿಗೃಹವನ್ನೇ ಬಿಡಬೇಕಾಯಿತು.

ಆ ಹುಡುಗನೇ ಮುಂದೆ ‘ಕರ್ಮವೀರ’ ಎಂದು ಪ್ರಸಿದ್ಧರಾದ ಭಾವೂರಾವ್ ಪಾಟೀಲ. 1887ರ ಸೆಪ್ಟೆಂಬರ್ 22ರಂದು ಕೊಲ್ಲಾಪುರ ಜಿಲ್ಲೆಯ ಕುಂಭೋಜದ ಜೈನ ಕುಟುಂಬವೊಂದರಲ್ಲಿ ಅವರು ಜನಿಸಿದರು. ಮನೆತನದ ಮೂಲ ಮೂಡುಬಿದಿರೆಯ ಕಡೆಯದೆಂದು ಅವರ ಜೀವನಚರಿತ್ರೆಗಳು ದಾಖಲಿಸಿವೆ. ಮೆಟ್ರಿಕ್ ಪರೀಕ್ಷೆಯನ್ನು ದಾಟದ ಈ ವ್ಯಕ್ತಿ 1919ರಲ್ಲಿ ಸ್ಥಾಪಿಸಿದ ರಯತ ಶಿಕ್ಷಣ ಸಂಸ್ಥೆ ಇಂದು ಮಹಾರಾಷ್ಟ್ರದ ಹಳ್ಳಿಹಳ್ಳಿಗಳಲ್ಲಿ ಶಾಲೆ ಕಾಲೇಜುಗಳನ್ನು ನಡೆಸುತ್ತಿದೆ. ಪುಣೆ, ಮುಂಬಯಿ, ಸಾಂಗಲಿಗಳಲ್ಲಿ ನೆಲೆಸಿದ ಕನ್ನಡ ಜೈನ ಕುಟುಂಬಗಳಿಗೆ ಈ ಹೆಸರು ಅಪರಿಚಿತವಲ್ಲ. ರಸ್ತೆಗಳಿಗೂ ವೃತ್ತಗಳಿಗೂ ಇಟ್ಟ ಹೆಸರದು. ಆದರೆ ಸಮುದಾಯದ ಸಭೆಗಳಲ್ಲಿ ಅವರನ್ನು ‘ನಮ್ಮವರು’ ಎಂದು ಹೆಮ್ಮೆಯಿಂದ ಸ್ಮರಿಸುವಾಗ, ಅವರು ಸಮುದಾಯದ ವಸತಿಗೃಹದಿಂದಲೇ ಹೊರಬಿದ್ದವರೆಂಬ ಮಾತು ಸಾಮಾನ್ಯವಾಗಿ ಬಿಟ್ಟುಹೋಗುತ್ತದೆ. ಉತ್ತಮ ಶಿಕ್ಷಕನೆಂದರೆ ಯಾರು ಎಂಬ ಪ್ರಶ್ನೆಗೆ ಉತ್ತರ ಇರುವುದು ಹಾಗೆ ಬಿಟ್ಟುಹೋದ ಆ ಮಾತಿನಲ್ಲಿಯೇ.

ಈ ಪ್ರಶ್ನೆ ಈಗ ಮತ್ತೆ ಮುನ್ನೆಲೆಗೆ ಬಂದಿದೆ. 2025ರ ಸೆಪ್ಟೆಂಬರ್ 1ರಂದು ಸರ್ವೋಚ್ಚ ನ್ಯಾಯಾಲಯದ ದ್ವಿಸದಸ್ಯ ಪೀಠವು, ಶಿಕ್ಷಣ ಹಕ್ಕು ಕಾಯ್ದೆ ಅನ್ವಯಿಸುವ ಶಾಲೆಗಳಲ್ಲಿ ಈಗಾಗಲೇ ಸೇವೆಯಲ್ಲಿರುವ ಶಿಕ್ಷಕರೂ ಅರ್ಹತಾ ಪರೀಕ್ಷೆಯಾದ ಟಿಇಟಿಯಲ್ಲಿ ತೇರ್ಗಡೆಯಾಗಬೇಕೆಂದು ತೀರ್ಪಿತ್ತಿತು. ನಿವೃತ್ತಿಗೆ ಐದು ವರ್ಷಕ್ಕಿಂತ ಕಡಿಮೆ ಅವಧಿ ಉಳಿದವರಿಗೆ ಸೇವೆಯಲ್ಲಿ ಮುಂದುವರಿಯಲು ವಿನಾಯಿತಿ ದೊರೆಯಿತು. ಉಳಿದವರಿಗೆ ಎರಡು ವರ್ಷಗಳ ಗಡುವು. ಅಲ್ಪಸಂಖ್ಯಾತ ಸಂಸ್ಥೆಗಳ ವಿಷಯವನ್ನು ಮಾತ್ರ ಪೀಠವು ತಾನೇ ಇತ್ಯರ್ಥಗೊಳಿಸದೆ, ವಿಸ್ತೃತ ಪೀಠದ ಪರಿಶೀಲನೆಗಾಗಿ ಮುಖ್ಯ ನ್ಯಾಯಮೂರ್ತಿಗಳ ಮುಂದಿರಿಸಿತು. 2014ರ ಮೇ ತಿಂಗಳಿನಲ್ಲಿ ಪಂಚಸದಸ್ಯ ಪೀಠವು ಪ್ರಮತಿ ಪ್ರಕರಣದಲ್ಲಿ ನೀಡಿದ್ದ ತೀರ್ಪು, ಅಲ್ಪಸಂಖ್ಯಾತ ಶಾಲೆಗಳನ್ನು ಶಿಕ್ಷಣ ಹಕ್ಕು ಕಾಯ್ದೆಯ ವ್ಯಾಪ್ತಿಯಿಂದ ಹೊರಗಿರಿಸಿತ್ತು. ಅದೇ ವರ್ಷದ ಜನವರಿಯಲ್ಲಿ ಕೇಂದ್ರ ಸರ್ಕಾರ ಜೈನರನ್ನು ರಾಷ್ಟ್ರೀಯ ಅಲ್ಪಸಂಖ್ಯಾತ ಸಮುದಾಯವೆಂದು ಅಧಿಸೂಚಿಸಿತ್ತು. ಈ ಎರಡೂ ಕೂಡಿದ ಫಲವಾಗಿ, ಜೈನ ಅಲ್ಪಸಂಖ್ಯಾತ ಮಾನ್ಯತೆ ಪಡೆದ ಶಾಲೆಯೊಂದು ತನ್ನ ಶಿಕ್ಷಕರನ್ನು ಯಾವ ಅಳತೆಗೋಲಿನಿಂದ ಆರಿಸಬೇಕು, ಬಡ ಮಕ್ಕಳಿಗೆ ಬಾಗಿಲು ತೆರೆಯಬೇಕೆ ಬೇಡವೆ ಎಂಬುದು ಬಹುಮಟ್ಟಿಗೆ ಆಡಳಿತ ಮಂಡಳಿಯ ವಿವೇಚನೆಗೆ ಸೇರಿದ ಸಂಗತಿಯಾಗಿದೆ. ನ್ಯಾಯಾಲಯ ಮುಂದೆ ಏನನ್ನೇ ಹೇಳಲಿ, ಈ ಸ್ವಾತಂತ್ರ್ಯವನ್ನು ಸಮುದಾಯ ಯಾವುದಕ್ಕಾಗಿ ಬಳಸುತ್ತದೆ ಎಂಬುದು ಇಂದಿನ ಪ್ರಶ್ನೆ.

ಟಿಇಟಿಯಂತಹ ಪರೀಕ್ಷೆಯನ್ನು ಹಗುರವಾಗಿ ಕಾಣುವುದು ಸರಿಯಲ್ಲ. ಭಿನ್ನರಾಶಿಯನ್ನು ತಾನೇ ತಿಳಿಯದವನು ಮಕ್ಕಳಿಗೆ ಅದನ್ನು ತಿಳಿಸಲಾರ. ವಿಷಯಜ್ಞಾನವಿಲ್ಲದ ಶಿಕ್ಷಕನ ಸಹೃದಯತೆಯಿಂದ ಮಗುವಿಗೆ ಲೆಕ್ಕ ಬರುವುದಿಲ್ಲ. ಆದರೆ ಪರೀಕ್ಷೆ ಅಳೆಯುವುದು ಜ್ಞಾನವನ್ನು ಮಾತ್ರ. ರತ್ನತ್ರಯದ ಕ್ರಮವನ್ನು ಬಾಲ್ಯದಿಂದ ಕೇಳಿ ಬೆಳೆದವರು ಒಂದು ವಿಷಯವನ್ನು ಗಮನಿಸಿರಬಹುದು: ಅಲ್ಲಿ ಜ್ಞಾನಕ್ಕೆ ಮೊದಲ ಸ್ಥಾನವಿಲ್ಲ. ದರ್ಶನ ಮೊದಲು, ಜ್ಞಾನ ಅನಂತರ, ಚಾರಿತ್ರ ಅದರ ನಂತರ. ದರ್ಶನವೆಂದರೆ ಇರುವುದನ್ನು ಇರುವಂತೆಯೇ ಕಾಣುವ ಶ್ರದ್ಧೆ. ಮೋಕ್ಷಮಾರ್ಗಕ್ಕೆ ಹೇಳಿದ ಆ ಕ್ರಮ ಶಾಲೆಯ ಕೋಣೆಗೂ ಸಲ್ಲುತ್ತದೆ. ಎದುರಿಗೆ ಕುಳಿತ ಮಗುವನ್ನು ಶಿಕ್ಷಕ ಏನೆಂದು ಕಾಣುತ್ತಾನೆ? ಅವನ ಜ್ಞಾನವೂ ನಡತೆಯೂ ಮಗುವಿಗೆ ದಕ್ಕುವುದು ಈ ಕಾಣ್ಕೆ ಸರಿಯಿದ್ದಾಗ ಮಾತ್ರ.

ಒಂದು ಸಣ್ಣ ನಿದರ್ಶನ ಸಾಕು. ಮೂರನೆಯ ತರಗತಿಯ ಮಗುವೊಂದು ಐವತ್ತೆರಡರಿಂದ ಇಪ್ಪತ್ತೇಳನ್ನು ಕಳೆದು ಮೂವತ್ತೈದು ಎಂದು ಬರೆಯುತ್ತದೆ. ‘ದಡ್ಡ’ ಎಂದು ಒಬ್ಬ ಶಿಕ್ಷಕ ಕೆಂಪು ಗೆರೆ ಎಳೆದು ಮುಂದೆ ಸಾಗುತ್ತಾನೆ. ಇನ್ನೊಬ್ಬ ಶಿಕ್ಷಕ ಕ್ಷಣಕಾಲ ನಿಂತು ನೋಡುತ್ತಾನೆ. ಎರಡರಿಂದ ಏಳು ಹೋಗುವುದಿಲ್ಲವೆಂದು ಮಗು ಏಳರಿಂದ ಎರಡನ್ನು ಕಳೆದಿದೆ. ಪ್ರತಿ ಸ್ಥಾನದಲ್ಲಿಯೂ ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕೆಂಬ ನಿಯಮವೊಂದನ್ನು ತಾನೇ ಕಟ್ಟಿಕೊಂಡು ನಿಷ್ಠೆಯಿಂದ ಪಾಲಿಸಿದೆ. ನಿಯಮ ತಪ್ಪಾಗಿದ್ದರೂ ಯೋಚನೆ ನಡೆದಿದೆ. ಹತ್ತು ಕಡ್ಡಿಗಳ ಕಟ್ಟೊಂದನ್ನು ಬಿಚ್ಚಿ ತೋರಿಸಿದರೆ ಮಗು ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳುತ್ತದೆ. ಸರಿಯುತ್ತರ ಈ ಇಬ್ಬರಿಗೂ ಗೊತ್ತು. ಅರ್ಹತಾ ಪರೀಕ್ಷೆಯಲ್ಲಿ ಇಬ್ಬರೂ ಸಮಾನ ಅಂಕ ಗಳಿಸಬಲ್ಲರು. ಎರಡನೆಯವನಲ್ಲಿ ಮಾತ್ರ, ಈ ಮಗು ಯೋಚಿಸಬಲ್ಲುದು ಎಂಬ ನಂಬಿಕೆ ಮೊದಲೇ ಇತ್ತು. ಆ ನಂಬಿಕೆಯಿಂದಾಗಿಯೇ ಅವನು ಮಗುವಿನ ತಪ್ಪಿನ ಬಳಿ ಒಂದು ಕ್ಷಣ ನಿಂತ.

ಈ ನಂಬಿಕೆಗೆ ಜೈನ ಚಿಂತನೆಯಲ್ಲಿ ಗಟ್ಟಿಯಾದ ಆಧಾರವಿದೆ. ಜ್ಞಾನ ಆತ್ಮದ ಸ್ವಭಾವ. ಅದನ್ನು ಮರೆಮಾಡಿರುವುದು ಜ್ಞಾನಾವರಣ ಕರ್ಮ. ಈ ಮಾತನ್ನು ಪ್ರವಚನಗಳಲ್ಲಿ ಕೇಳದ ಶ್ರಾವಕನಿಲ್ಲ. ಇದನ್ನು ಒಪ್ಪಿದವನು ಯಾವ ಮಗುವನ್ನೂ ಸ್ವಭಾವತಃ ದಡ್ಡನೆಂದು ಕರೆಯುವಂತಿಲ್ಲ. ಶಿಕ್ಷಕ ಹೊರಗಿನಿಂದ ಜ್ಞಾನವನ್ನು ತಂದು ತುಂಬುವವನಲ್ಲ, ಮುಸುಕನ್ನು ಸರಿಸಲು ನೆರವಾಗುವವನು. ಆ ಮಗುವಿನ ಕುಲ ಯಾವುದು, ತಂದೆಯ ಕಸುಬು ಯಾವುದು, ಮನೆಯಲ್ಲಿ ಯಾವ ಭಾಷೆ ಆಡುತ್ತಾರೆ ಎಂಬುದಕ್ಕೂ ಮುಸುಕಿನೊಳಗಿನ ಬೆಳಕಿಗೂ ಸಂಬಂಧವಿಲ್ಲ.

ಕನ್ನಡ ಸಾಹಿತ್ಯದ ಚರಿತ್ರೆಯೇ ಇದಕ್ಕೆ ಸಾಕ್ಷಿ. ಹತ್ತನೆಯ ಶತಮಾನದಲ್ಲಿ ಇಂದಿನ ಮುಧೋಳದ ಬಳೆಗಾರ ಕುಲದಲ್ಲಿ ಹುಟ್ಟಿದ ರನ್ನ, ವಿದ್ಯೆಯನ್ನು ಅರಸಿ ಗಂಗರ ನಾಡಿಗೆ ಹೋದ. ಅಜಿತಸೇನಾಚಾರ್ಯರು ಅವನ ಗುರುಗಳಾದರು. ಅದೇ ಆಚಾರ್ಯರು ಗಂಗರ ಮಂತ್ರಿಯೂ ದಂಡನಾಯಕನೂ ಆಗಿದ್ದ ಚಾವುಂಡರಾಯನಿಗೂ ಗುರುಗಳು. ಬಳೆ ಮಾರುವವರ ಮನೆಯ ಹುಡುಗನಿಗೂ ರಾಜ್ಯವನ್ನು ನಡೆಸುವ ಮಂತ್ರಿಗೂ ಒಬ್ಬರೇ ಗುರು. ರನ್ನ ಕವಿಚಕ್ರವರ್ತಿಯಾದ, 993ರಲ್ಲಿ ಅತ್ತಿಮಬ್ಬೆಯ ಆಶ್ರಯದಲ್ಲಿ ಅಜಿತಪುರಾಣವನ್ನು ಪೂರ್ಣಗೊಳಿಸಿದ. ಅಜಿತಸೇನರು ಕುಲವನ್ನು ಕೇಳಿ ಹುಡುಗನನ್ನು ಹಿಂದಕ್ಕೆ ಕಳುಹಿಸಿದ್ದರೆ ಕನ್ನಡಕ್ಕೆ ರನ್ನನೇ ಇರುತ್ತಿರಲಿಲ್ಲ. ಇಂತಹ ಪರಂಪರೆಯ ಹೆಸರಿನಲ್ಲಿಯೇ, ಸುಮಾರು ಒಂಬತ್ತು ಶತಮಾನಗಳ ಬಳಿಕ, ವಿದ್ಯಾರ್ಥಿಗಳ ವಸತಿಗೃಹವೊಂದರಲ್ಲಿ ಹುಡುಗನೊಬ್ಬನಿಗೆ ಶುದ್ಧಿಸ್ನಾನದ ಅಪ್ಪಣೆಯಾಯಿತು. ಸಿದ್ಧಾಂತ ಒಂದು ಕಡೆ, ಆಚಾರ ಇನ್ನೊಂದು ಕಡೆ ನಿಂತಾಗ ಭಾವೂರಾವ್ ಸಿದ್ಧಾಂತದ ಕಡೆಗೆ ನಡೆದರು. ಸಮುದಾಯದಿಂದ ದೂರ ಹೋದರೆಂದು ತೋರಿದ ಆ ಹೆಜ್ಜೆಯಲ್ಲಿ ಅವರು ಅಜಿತಸೇನರಿಗೆ ಹತ್ತಿರವಾದರು.

ಅವರಿಗೆ ಸಮುದಾಯದ ಮೇಲೆ ದ್ವೇಷವಿರಲಿಲ್ಲ ಎಂಬುದಕ್ಕೂ ಸಾಕ್ಷ್ಯವಿದೆ. 1914ರಲ್ಲಿ ಕೊಲ್ಲಾಪುರದಲ್ಲಿ ರಾಜಮನೆತನದ ಪ್ರತಿಮೆಗೆ ಡಾಂಬರು ಬಳಿದ ಪ್ರಕರಣ ನಡೆಯಿತು. ಅದರಲ್ಲಿ ಜೈನ ಧುರೀಣ ಅಣ್ಣಾಸಾಹೇಬ ಲಠ್ಠೆಯವರ ವಿರುದ್ಧ ಸುಳ್ಳು ಸಾಕ್ಷಿ ಹೇಳುವಂತೆ ಭಾವೂರಾವ್ ಅವರ ಮೇಲೆ ಒತ್ತಡ ಬಂದಿತು. ಅವರು ಹೇಳಲಿಲ್ಲ, ಸೆರೆವಾಸವನ್ನು ಅನುಭವಿಸಿದರು. ಸಮುದಾಯದ ಕಟ್ಟಳೆಯನ್ನು ಮುರಿದ ವ್ಯಕ್ತಿಯೇ ಸಮುದಾಯದ ಮುಖಂಡನನ್ನು ಸುಳ್ಳಿನಿಂದ ಕೆಡವಲು ಒಪ್ಪದೆ ಕಷ್ಟಪಟ್ಟ. ಮುಂದೆ ಸಾವಿರಾರು ಮಕ್ಕಳ ಮುಂದೆ ಸತ್ಯದ ಕುರಿತು ಮಾತನಾಡಲು ಈ ಮನುಷ್ಯನಿಗೆ ಬೇರೆ ಪ್ರಮಾಣಪತ್ರ ಬೇಕಿರಲಿಲ್ಲ. ಶಿಕ್ಷಕ ಹೇಳುವುದನ್ನು ಮಕ್ಕಳು ಅರ್ಧ ಮರೆಯುತ್ತಾರೆ. ಶಿಕ್ಷಕ ಬಾಳಿದ್ದನ್ನು ಮಾತ್ರ ಬಹುಕಾಲ ನೆನಪಿಡುತ್ತಾರೆ.

ಸಾತಾರಾದಲ್ಲಿ ಖಾಸಗಿ ಪಾಠ ಹೇಳುತ್ತ ಜೀವನ ಆರಂಭಿಸಿದ ಭಾವೂರಾವ್, ಮುಂದೆ ಓಗಲೆ ಗಾಜಿನ ಕಾರ್ಖಾನೆ, ಕಿರ್ಲೋಸ್ಕರ್ ಮೊದಲಾದ ಉದ್ಯಮಗಳಿಗಾಗಿ ಊರೂರು ಸುತ್ತಿದರು. ಹಳ್ಳಿಯ ಮಕ್ಕಳು ಶಾಲೆಯಿಂದ ದೂರವಿರುವುದನ್ನು ಈ ತಿರುಗಾಟದಲ್ಲಿ ಕಣ್ಣಾರೆ ಕಂಡರು. 1919ರಲ್ಲಿ ಕರಾಡದ ಸಮೀಪದ ಕಾಲೆಯಲ್ಲಿ ಸಂಸ್ಥೆ ಹುಟ್ಟಿತು. 1924ರಲ್ಲಿ ಅದರ ಕೇಂದ್ರ ಸಾತಾರಾಕ್ಕೆ ಬಂದಿತು. ಅಲ್ಲಿಯ ವಿದ್ಯಾರ್ಥಿನಿಲಯದಲ್ಲಿ ಮರಾಠರು, ದಲಿತರು, ಜೈನರು, ಮುಸಲ್ಮಾನರು ಎಂಬ ಭೇದವಿಲ್ಲದೆ ಮಕ್ಕಳು ಒಂದೇ ಸೂರಿನಡಿ ಬಾಳಿದರು, ಒಂದೇ ಒಲೆಯ ಅಡುಗೆ ಉಂಡರು. ತಮ್ಮ ಕೆಲಸವನ್ನು ತಾವೇ ಮಾಡುತ್ತ, ದುಡಿಯುತ್ತ ಓದಿದರು. 1927ರಲ್ಲಿ ಗಾಂಧೀಜಿ ಅಲ್ಲಿಗೆ ಬಂದು ಆ ನಿಲಯಕ್ಕೆ ಶಾಹು ಛತ್ರಪತಿಗಳ ಹೆಸರನ್ನಿಟ್ಟರು. ಮಕ್ಕಳ ಊಟಕ್ಕೆ ಧಾನ್ಯವಿಲ್ಲದ ದಿನಗಳಲ್ಲಿ ಪತ್ನಿ ಲಕ್ಷ್ಮೀಬಾಯಿ ತಮ್ಮ ಒಡವೆಗಳನ್ನು ಒಂದೊಂದಾಗಿ ಮಾರಿದರು. ಕೊನೆಗೆ ಮಂಗಳಸೂತ್ರವೂ ಹೋಯಿತು. 1930ರಲ್ಲಿ ಅವರು ತೀರಿಕೊಂಡರು. ಅವರು ಯಾವ ತರಗತಿಗೂ ಪಾಠ ಹೇಳಿದವರಲ್ಲ, ಯಾವ ಪರೀಕ್ಷೆಯನ್ನೂ ಬರೆದವರಲ್ಲ. ಮಡಿಯ ಕಟ್ಟುಪಾಡಿನ ಮನೆಯಿಂದ ಬಂದ ಹೆಣ್ಣುಮಗಳೊಬ್ಬಳು ಎಲ್ಲ ಕುಲದ ಮಕ್ಕಳಿಗೂ ಉಣಬಡಿಸಿದಾಗ ಆ ಮಕ್ಕಳು ಕಲಿತದ್ದೇನು ಎಂಬುದನ್ನು ಅಳೆಯುವ ಪ್ರಶ್ನೆಪತ್ರಿಕೆ ಇನ್ನೂ ಸಿದ್ಧವಾಗಿಲ್ಲ.

ಒಬ್ಬರ ತ್ಯಾಗದ ಮೇಲೆ ಮಾತ್ರ ಶಾಲೆಗಳು ನಿಲ್ಲಲಾರವು ಎಂಬುದನ್ನೂ ಭಾವೂರಾವ್ ತಿಳಿದಿದ್ದರು. ಆದ್ದರಿಂದಲೇ 1935ರಲ್ಲಿ ಸಾತಾರಾದಲ್ಲಿ ಗ್ರಾಮೀಣ ಶಿಕ್ಷಕರ ತರಬೇತಿ ಕಾಲೇಜನ್ನು ತೆರೆದರು. ಶಾಲೆಗಿಂತ ಮೊದಲು ಶಿಕ್ಷಕ ಬೇಕು. ಆ ಶಿಕ್ಷಕನಿಗೆ ಹಳ್ಳಿಯ ಬಾಳು ಗೊತ್ತಿರಬೇಕು, ಮೈಬಗ್ಗಿಸಿ ದುಡಿಯುವವರ ಬಗ್ಗೆ ಗೌರವವಿರಬೇಕು ಎಂಬುದು ಅದರ ಹಿಂದಿನ ವಿಚಾರ. ಸಂಸ್ಥೆಯಲ್ಲಿ ಓದಿ ಇಂಗ್ಲೆಂಡಿಗೆ ಹೋಗಿ ಬ್ಯಾರಿಸ್ಟರ್ ಆಗಿ ಬಂದ ಪಿ.ಜಿ. ಪಾಟೀಲರು ಅದೇ ಸಂಸ್ಥೆಯ ಕಾಲೇಜಿನಲ್ಲಿ ಪಾಠ ಹೇಳಲು ಮರಳಿದರು; ಮುಂದೆ ಕೊಲ್ಲಾಪುರದ ಶಿವಾಜಿ ವಿಶ್ವವಿದ್ಯಾಲಯದ ಕುಲಪತಿಗಳಾದರು. ಒಳ್ಳೆಯ ಶಿಕ್ಷಕನಿಂದ ಇನ್ನೊಬ್ಬ ಶಿಕ್ಷಕ ಹುಟ್ಟುವುದು ಹೀಗೆ.

ಅಧಿಕಾರದ ಮುಂದೆ ಬೆನ್ನು ಬಗ್ಗಿಸದಿರುವುದೂ ಶಿಕ್ಷಕನ ಗುಣಗಳಲ್ಲೊಂದು. ಸ್ವಾತಂತ್ರ್ಯಾನಂತರದ ಮುಂಬಯಿ ಸರ್ಕಾರವನ್ನು ಭಾವೂರಾವ್ ಬಹಿರಂಗವಾಗಿ ಟೀಕಿಸಿದರು. ಸಂಸ್ಥೆಗೆ ಬರುತ್ತಿದ್ದ ಅನುದಾನ ಕೆಲಕಾಲ ನಿಂತಿತು. ಅವರು ಮಾತನ್ನು ಹಿಂತೆಗೆದುಕೊಂಡು ಕ್ಷಮೆ ಬೇಡಲಿಲ್ಲ. ಜನರ ಬೆಂಬಲದಿಂದ ಶಾಲೆಗಳು ಉಳಿದವು, ಅನುದಾನವೂ ಮರಳಿತು. ಇಂದು ಶಾಲಾ ವಾರ್ಷಿಕೋತ್ಸವದ ವೇದಿಕೆಗೆ ಆಳುವ ಪಕ್ಷ ಬದಲಾದಂತೆ ಅತಿಥಿಗಳನ್ನು ಬದಲಿಸುವ ಆಡಳಿತ ಮಂಡಳಿಗಳಿಗೆ ಈ ಅಧ್ಯಾಯ ಅಷ್ಟು ಹಿತವೆನಿಸಲಾರದು. ಆದರೆ ತಪ್ಪನ್ನು ತಪ್ಪೆನ್ನಲು ಅಂಜುವ ಸಂಸ್ಥೆಯಲ್ಲಿ, ಪ್ರಶ್ನಿಸುವುದನ್ನು ಕಲಿಸುವ ಶಿಕ್ಷಕ ಬಹುದಿನ ಉಳಿಯಲಾರ.

ನಂಬಿಕೆ, ನಡತೆ, ಧೈರ್ಯ ಇವೆಲ್ಲ ಇದ್ದರೂ ವಿದ್ವತ್ತಿನ ಪ್ರಾಮಾಣಿಕತೆ ಇಲ್ಲದಿದ್ದರೆ ಶಿಕ್ಷಕ ಅಪೂರ್ಣ. ಇದಕ್ಕೆ ನಿದರ್ಶನವೂ ಅದೇ ಕೊಲ್ಲಾಪುರದಲ್ಲಿದೆ. ಬೆಳಗಾವಿ ಜಿಲ್ಲೆಯ ಸದಲಗಾದಲ್ಲಿ 1906ರಲ್ಲಿ ಹುಟ್ಟಿದ ಆದಿನಾಥ ನೇಮಿನಾಥ ಉಪಾಧ್ಯೆಯವರು 1930ರಿಂದ ಮೂರು ದಶಕಗಳ ಕಾಲ ರಾಜಾರಾಮ ಕಾಲೇಜಿನಲ್ಲಿ ಅರ್ಧಮಾಗಧಿಯನ್ನು ಬೋಧಿಸಿದರು. ಪ್ರವಚನಸಾರ, ಪರಮಾತ್ಮಪ್ರಕಾಶ, ಕುವಲಯಮಾಲಾ ಮೊದಲಾದ ಪ್ರಾಕೃತ ಅಪಭ್ರಂಶ ಗ್ರಂಥಗಳನ್ನು ಸಂಪಾದಿಸಿದರು. 1967ರಲ್ಲಿ ಶ್ರವಣಬೆಳಗೊಳದಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರೂ ಅವರೇ. ಗ್ರಂಥ ಸಂಪಾದಕನಿಗೆ ಒಂದು ಶಿಸ್ತಿದೆ. ಹಸ್ತಪ್ರತಿಗಳು ಒಂದಕ್ಕೊಂದು ಹೊಂದದಿದ್ದಾಗ ತನಗೆ ಸರಿಯೆಂದು ತೋರಿದ ಪಾಠವನ್ನು ಅವನು ಮೇಲೆ ಅಚ್ಚು ಹಾಕುತ್ತಾನೆ; ಉಳಿದ ಪಾಠಾಂತರಗಳನ್ನು ಪುಟದ ಕೆಳಗೆ ಕಾಣಿಸುತ್ತಾನೆ. ತಾನು ಒಪ್ಪದ ಪಾಠವನ್ನು ಮರೆಮಾಚುವುದಿಲ್ಲ. ಮುಂದೆ ಬರುವ ಓದುಗ ತನ್ನ ನಿರ್ಣಯವನ್ನು ಮರುಪರೀಕ್ಷಿಸಲಿ ಎಂಬ ಔದಾರ್ಯ ಅಲ್ಲಿದೆ.

ಪಾಠ ಹೇಳುವವನಿಗೂ ಇದೇ ಶಿಸ್ತು ಬೇಕು. ಸಂಪಾದಕನ ಪುಟದ ಅಡಿಯಲ್ಲಿ ಪಾಠಾಂತರಗಳಿಗೆ ಇರುವಷ್ಟು ಜಾಗವಾದರೂ ತರಗತಿಯಲ್ಲಿ ಮಕ್ಕಳ ಬೇರೆ ಅಭಿಪ್ರಾಯಕ್ಕೆ ಇರಬೇಡವೆ? ಅನೇಕಾಂತದ ಕುರಿತು ಗಂಟೆಗಟ್ಟಲೆ ಉಪನ್ಯಾಸ ಮಾಡುವುದಕ್ಕಿಂತ, ‘ನೀನು ಹೇಳಿದ್ದರಲ್ಲಿಯೂ ಒಂದು ಅಂಶ ಸರಿಯಿದೆ, ಬಾ ನೋಡೋಣ’ ಎಂದು ವಿದ್ಯಾರ್ಥಿಯೊಬ್ಬನನ್ನು ಕರಿಹಲಗೆಯ ಬಳಿಗೆ ಕರೆಯುವುದು ಹೆಚ್ಚಿನದನ್ನು ಕಲಿಸುತ್ತದೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆನ್ನಲು ಅಂಜದ ಶಿಕ್ಷಕನ ಮುಂದೆ ಮಕ್ಕಳೂ ಅಂಜದೆ ಪ್ರಶ್ನೆ ಕೇಳುತ್ತಾರೆ.

ಹೊರನಾಡಿನ ಮಹಾನಗರಗಳಲ್ಲಿ ಭಾನುವಾರಗಳಂದು ಬಸದಿಯ ಮಗ್ಗುಲ ಕೋಣೆಗಳಲ್ಲಿ ನಡೆಯುವ ಪಾಠಶಾಲೆಗಳನ್ನು ಈ ಬೆಳಕಿನಲ್ಲಿ ನೋಡಬೇಕು. ‘ಈಗ ವಿದ್ಯುದ್ದೀಪವಿದೆಯಲ್ಲ, ರಾತ್ರಿಯ ಊಟವನ್ನು ಏಕೆ ಬಿಡಬೇಕು?’ ಎಂದು ಹತ್ತು ವರ್ಷದ ಮಗು ಕೇಳುವುದು ಸಹಜ. ‘ಹಿರಿಯರು ಹೇಳಿದ್ದಾರೆ, ಸುಮ್ಮನೆ ಕೂತು ಬಾಯಿಪಾಠ ಮಾಡು’ ಎಂಬ ಉತ್ತರ ಹಲವೆಡೆ ಅಷ್ಟೇ ಸಹಜವಾಗಿಬಿಟ್ಟಿದೆ. ಆದರೆ ಜೈನ ಪುರಾಣಗಳ ಕಥೆ ಬೆಳೆಯುವುದೇ ಪ್ರಶ್ನೆಯಿಂದ: ಶ್ರೇಣಿಕ ಮಹಾರಾಜ ಕೇಳುತ್ತಾನೆ, ಗೌತಮ ಗಣಧರರು ಹೇಳುತ್ತಾರೆ. ಆ ಗೌತಮರಾದರೂ ಮಹಾವೀರರ ಬಳಿಗೆ ಮೊದಲು ಬಂದದ್ದು ಭಕ್ತನಾಗಿ ಅಲ್ಲ, ಮನಸ್ಸಿನಲ್ಲಿ ಸಂಶಯವಿದ್ದ ವಾದಿಯಾಗಿ. ಸಂಶಯವನ್ನು ಹೊತ್ತು ಬಂದವನೇ ಪ್ರಥಮ ಗಣಧರನಾದ ಪರಂಪರೆಯಲ್ಲಿ, ಪ್ರಶ್ನೆ ಕೇಳಿದ ಮಗುವನ್ನು ಬಾಯಿ ಮುಚ್ಚಿಸುವ ಶಿಕ್ಷಕ ಯಾವ ಪರಂಪರೆಯನ್ನು ಕಾಯುತ್ತಿದ್ದಾನೆ?

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಅದನ್ನು ಗೌರವದಿಂದಲೇ ಆಲಿಸಬೇಕು. ‘ಸಮುದಾಯದ ಶಾಲೆ ಇರುವುದು ಸಮುದಾಯದ ಸಂಸ್ಕಾರವನ್ನು ಉಳಿಸಲಿಕ್ಕೆ. ಸಂಖ್ಯೆಯಲ್ಲಿ ಚಿಕ್ಕ ಸಮುದಾಯವಿದು. ಮಕ್ಕಳು ದೊಡ್ಡ ನಗರಗಳಲ್ಲಿ ಭಾಷೆಯನ್ನೂ ಆಹಾರದ ಶಿಸ್ತನ್ನೂ ಕಳೆದುಕೊಳ್ಳುತ್ತಿದ್ದಾರೆ. ಹೀಗಿರುವಾಗ ಶಿಕ್ಷಕರೂ ವಿದ್ಯಾರ್ಥಿಗಳೂ ನಮ್ಮವರೇ ಆಗಿರಲಿ ಎಂದು ಬಯಸುವುದರಲ್ಲಿ ತಪ್ಪೇನಿದೆ? ಸಂವಿಧಾನವೇ ಆ ಹಕ್ಕನ್ನು ಕೊಟ್ಟಿದೆ.’ ಈ ಮಾತಿನಲ್ಲಿ ಹುರುಳಿದೆ. ಸಂವಿಧಾನದ 30ನೆಯ ವಿಧಿ ಯಾರೋ ಕರುಣೆಯಿಂದ ಇತ್ತದ್ದಲ್ಲ. ಬಹುಸಂಖ್ಯೆಯ ಒತ್ತಡದಲ್ಲಿ ಸಣ್ಣ ಸಮುದಾಯಗಳು ಕರಗಿಹೋಗದಿರಲಿ ಎಂದು ರಾಷ್ಟ್ರನಿರ್ಮಾಪಕರು ವಿವೇಕದಿಂದ ಇಟ್ಟ ಕಾವಲು ಅದು. ಕನ್ನಡ ಜೈನರ ಸ್ಥಿತಿಯಂತೂ ಇನ್ನೂ ಸೂಕ್ಷ್ಮ. ಮುಂಬಯಿ, ಪುಣೆಗಳ ಜೈನ ಸಮಾಜದೊಳಗೂ ಗುಜರಾತಿ, ಹಿಂದಿ, ಮರಾಠಿಗಳ ನಡುವೆ ಅವರು ಅಲ್ಪಸಂಖ್ಯಾತರು.

ಆದರೆ ಸಂಸ್ಕಾರವನ್ನು ಕಲಿಸುವವನು ಯಾರು? ಜನಿವಾರ ಧರಿಸಿ ಬೋಧನ ಕೊಠಡಿಯಲ್ಲಿ ಮಕ್ಕಳನ್ನು ಬಡಿಯುವ ಶಿಕ್ಷಕನಿಂದ ಮಗು ಅಹಿಂಸೆಯನ್ನು ಕಲಿಯಲಾರದು. ಬೇರೆ ಕುಲದಲ್ಲಿ ಹುಟ್ಟಿ, ಕಲಿಕೆಯಲ್ಲಿ ಹಿಂದುಳಿದ ಮಗುವಿನ ಪಕ್ಕ ತಾಳ್ಮೆಯಿಂದ ಕುಳಿತ ಶಿಕ್ಷಕಿಯಿಂದ ಕಲಿತೀತು. ಆಹಾರದ ಶಿಸ್ತನ್ನು ಶಾಲೆಯ ಅಡುಗೆಮನೆ ಕಾಯಬಹುದು, ಮನೆ ಕಾಯಬಹುದು. ಅದಕ್ಕಾಗಿ ಗಣಿತದ ಶಿಕ್ಷಕಿಯ ಕುಲವನ್ನು ವಿಚಾರಿಸಬೇಕಾಗಿಲ್ಲ. ಹಕ್ಕು ಕಾವಲಿನ ಗೋಡೆಯಾಗಿರುವವರೆಗೆ ಅದರಿಂದ ರಕ್ಷಣೆಯಿದೆ. ಬಡವರ ಮಕ್ಕಳು ಒಳಬಾರದಂತೆ ಕಟ್ಟಿದ ಗೋಡೆಯಾಗಿ ಅದು ಬದಲಾದರೆ, ಕೊಲ್ಲಾಪುರದ ಆ ಸ್ನಾನದ ಅಪ್ಪಣೆ ಹೊಸ ರೂಪದಲ್ಲಿ ಮರಳಿದಂತಾಗುತ್ತದೆ. ಹಿಂದೆ ನೀರಿನ ಹೆಸರಿನಲ್ಲಿ ನಡೆದ ಶುದ್ಧಿ ಇಂದು ಶುಲ್ಕದ ಹೆಸರಿನಲ್ಲಿ, ಪ್ರವೇಶ ಸಂದರ್ಶನದ ಹೆಸರಿನಲ್ಲಿ ನಡೆದೀತು.

ಕಾನೂನು ಕಡ್ಡಾಯಗೊಳಿಸದ ಒಳಿತನ್ನು ಸ್ವಇಚ್ಛೆಯಿಂದ ಮಾಡುವ ಅವಕಾಶ ಸಮುದಾಯದ ಸಂಸ್ಥೆಗಳ ಮುಂದಿದೆ. ಅನುದಾನರಹಿತ ಖಾಸಗಿ ಶಾಲೆಗಳಿಗೆ ಶಿಕ್ಷಣ ಹಕ್ಕು ಕಾಯ್ದೆ ವಿಧಿಸಿರುವ ಶೇಕಡಾ 25ರ ಪ್ರವೇಶವನ್ನು, ವಿನಾಯಿತಿ ಇದ್ದರೂ ತಾವಾಗಿಯೇ ಪಾಲಿಸಬಹುದು. ಶಿಕ್ಷಕರನ್ನು ಆರಿಸುವಾಗ ಪ್ರಮಾಣಪತ್ರಗಳನ್ನು ನೋಡಿದ ಬಳಿಕ ಅಭ್ಯರ್ಥಿಗಳನ್ನು ಒಂದು ತರಗತಿಗೆ ಕಳುಹಿಸಿ ನೋಡಬಹುದು: ಹಿಂದಿನ ಸಾಲಿನ ಮಗುವಿನ ಕಡೆಗೆ ಇವರ ದೃಷ್ಟಿ ಹೋಗುತ್ತದೆಯೇ, ತಪ್ಪು ಉತ್ತರ ಬಂದಾಗ ಮುಖ ಹೇಗಿರುತ್ತದೆ, ಪ್ರಶ್ನೆ ಬಂದಾಗ ಸಿಡುಕುತ್ತಾರೆಯೇ, ಹಿಗ್ಗುತ್ತಾರೆಯೇ? ಇಪ್ಪತ್ತು ನಿಮಿಷಗಳಲ್ಲಿ ಇಷ್ಟು ತಿಳಿಯುತ್ತದೆ.

ಇದಕ್ಕೆ ಪ್ರತಿಯಾಗಿ ಶಿಕ್ಷಕನಿಗೆ ಸಲ್ಲಬೇಕಾದದ್ದೂ ಸಲ್ಲಬೇಕು. ಪೂರ್ಣ ವೇತನಕ್ಕೆ ಸಹಿ ಹಾಕಿಸಿಕೊಂಡು ಒಂದು ಪಾಲನ್ನು ಹಿಂದಕ್ಕೆ ಪಡೆಯುವ ರೂಢಿ ಖಾಸಗಿ ಶಿಕ್ಷಣ ರಂಗದಲ್ಲಿ ಎಲ್ಲರೂ ಬಲ್ಲ ಗುಟ್ಟು. ಅಂತಹ ವಂಚನೆ ನಡೆಯುವ ಕಟ್ಟಡದ ಗೋಡೆಗಳ ಮೇಲೆ ಅಚೌರ್ಯ, ಅಪರಿಗ್ರಹಗಳ ಫಲಕ ತೂಗುಹಾಕುವುದರಲ್ಲಿ ಅರ್ಥವಿಲ್ಲ. ಶಿಕ್ಷಕನ ತ್ಯಾಗವನ್ನು ಕೊಂಡಾಡುವವರು, ತ್ಯಾಗವೆಂಬುದು ತಾನಾಗಿ ಬಿಟ್ಟದ್ದೇ ಹೊರತು ಇನ್ನೊಬ್ಬರು ಕಸಿದದ್ದಲ್ಲ ಎಂಬುದನ್ನು ಮರೆಯಬಾರದು. ಶಾಲೆಯ ಹೆಬ್ಬಾಗಿಲಿನ ಅಮೃತಶಿಲೆಯ ಮೇಲೆ ಕೊಠಡಿಗೆ ಇಷ್ಟು, ಪಂಖಕ್ಕೆ ಇಷ್ಟು ಎಂದು ದಾನಿಗಳ ಹೆಸರುಗಳಿರುತ್ತವೆ. ಇರಲಿ, ದಾನವೂ ಧರ್ಮವೇ. ಮೂವತ್ತು ವರ್ಷ ಆ ಕೊಠಡಿಯಲ್ಲಿ ನಿಂತು ಪಾಠ ಹೇಳಿದವರ ಹೆಸರಿಗೆ ಆ ಕಲ್ಲಿನ ಮೇಲೆ ಒಂದು ಸಾಲಾದರೂ ಜಾಗವಿರಬೇಕು.

ಹೊರನಾಡ ಕನ್ನಡಿಗರಿಗೆ ಇಂತಹ ಶಿಕ್ಷಕರು ಹೊಸಬರಲ್ಲ. ಮುಂಬಯಿಯ ಕನ್ನಡ ರಾತ್ರಿಶಾಲೆಗಳನ್ನು ಬಲ್ಲವರು ಅಲ್ಲಿಯ ದೃಶ್ಯವನ್ನು ಮರೆತಿರಲಾರರು. ಹಗಲೆಲ್ಲ ಹೋಟೆಲುಗಳಲ್ಲಿ ಲೋಟ ತೊಳೆದು, ತಟ್ಟೆ ಎತ್ತಿ ದಣಿದ ಹುಡುಗರು ಸಂಜೆ ಬೆಂಚುಗಳ ಮೇಲೆ ಕೂರುತ್ತಿದ್ದರು. ಎದುರಿಗೆ ನಿಲ್ಲುತ್ತಿದ್ದವರಲ್ಲಿ ಹಲವರು ತಾವೂ ಹಗಲು ಕಚೇರಿಯಲ್ಲಿ ದುಡಿದು ಬಂದವರೇ. ತೂಕಡಿಸುವ ಹುಡುಗನನ್ನು ಗದರದೆ, ಮುಖ ತೊಳೆದು ಬಾ ಎಂದು ಕಳುಹಿಸಿ, ಅವನು ಬರುವವರೆಗೆ ಲೆಕ್ಕವನ್ನು ಹಲಗೆಯ ಮೇಲೆ ಉಳಿಸಿಕೊಂಡವರು ಅವರು. ಆ ಹುಡುಗರಲ್ಲಿ ಮುಂದೆ ಗುಮಾಸ್ತರಾದವರು, ವಕೀಲರಾದವರು, ಉದ್ಯಮಿಗಳಾದವರು ಇದ್ದಾರೆ. ಇಂದು ಅದೇ ತಲೆಮಾರಿನ ಮಕ್ಕಳು ಮೊಮ್ಮಕ್ಕಳು ದೊಡ್ಡ ಶುಲ್ಕದ ಶಾಲೆಗಳಲ್ಲಿ ಓದುತ್ತಿದ್ದಾರೆ, ಕೆಲವರು ಅಂತಹ ಶಾಲೆಗಳ ಆಡಳಿತ ಮಂಡಳಿಗಳಲ್ಲಿಯೂ ಕುಳಿತಿದ್ದಾರೆ. ತಮ್ಮ ಅಜ್ಜನಿಗೆ ಒಂದು ಕಾಲದಲ್ಲಿ ತೆರೆದಿದ್ದ ಬಾಗಿಲಿನಂಥದೇ ಬಾಗಿಲು, ಇಂದು ತಮ್ಮ ಮನೆಗೆಲಸದವಳ ಮಗುವಿಗೆ ತೆರೆದಿದೆಯೇ ಎಂದು ಅವರು ಕೇಳಿಕೊಳ್ಳಬೇಕು.

ಭಾವೂರಾವ್ ಪಾಟೀಲರಿಗೆ 1959ರಲ್ಲಿ ಪದ್ಮಭೂಷಣ ಪ್ರಶಸ್ತಿ ಸಂದಿತು. ಪುಣೆ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು. ಅದೇ ವರ್ಷದ ಮೇ 9ರಂದು ಅವರು ನಿಧನರಾದರು. ಮೆಟ್ರಿಕ್ ದಾಟದ ಅವರು ಇಂದಿನ ನಿಯಮಗಳಂತೆ ಪ್ರಾಥಮಿಕ ಶಾಲೆಯ ಶಿಕ್ಷಕ ಹುದ್ದೆಗೂ ಅರ್ಜಿ ಸಲ್ಲಿಸುವಂತಿರಲಿಲ್ಲ. ನಿಯಮಗಳು ಬೇಕು, ಅವಿಲ್ಲದಿದ್ದರೆ ಅಯೋಗ್ಯರು ನುಸುಳುತ್ತಾರೆ. ಆದರೆ ನಿಯಮಗಳು ತಡೆಯಬಲ್ಲುವು, ಹುಡುಕಲಾರವು. ಮಗುವನ್ನು ಕಂಡು ಅದರ ಕುಲವನ್ನು ಕೇಳದೆ, ಅದರ ಹಸಿವನ್ನೂ ಪ್ರಶ್ನೆಯನ್ನೂ ಕೇಳುವ ಶಿಕ್ಷಕನನ್ನು ಹುಡುಕುವ ಕೆಲಸ ಸಮುದಾಯದ್ದು.

ಅಂತಹ ಒಬ್ಬ ವ್ಯಕ್ತಿ ಒಮ್ಮೆ ಸಮುದಾಯದ ವಸತಿಗೃಹದೊಳಗೇ ಇದ್ದ. ಸ್ನಾನ ಮಾಡಲೊಲ್ಲೆನೆಂದ ಕಾರಣಕ್ಕೆ ಹೊರಗೆ ನಡೆದ. ಇಂದಿನ ಶಾಲೆಗಳಲ್ಲಿ, ಪಾಠಶಾಲೆಗಳಲ್ಲಿ ಅಂತಹವರು ಈಗಲೂ ಇದ್ದಾರೆ: ಪ್ರಶ್ನೆಗೆ ಜಾಗ ಬಿಡುವ ಶಿಕ್ಷಕಿ, ಆಡಳಿತ ಮಂಡಳಿಗೆ ಇಷ್ಟವಿಲ್ಲದ ಮಾತನ್ನು ನಯವಾಗಿ ಹೇಳುವ ಮುಖ್ಯೋಪಾಧ್ಯಾಯ, ಫೀಸು ಕಟ್ಟದ ಮಗುವಿನ ಹೆಸರನ್ನು ಹಾಜರಿ ಪುಸ್ತಕದಿಂದ ತೆಗೆಯಲು ಒಪ್ಪದ ಗುಮಾಸ್ತ. ಅವರು ಹೊರಗೆ ನಡೆಯಬೇಕಾದ ಸಂದರ್ಭ ಮತ್ತೆ ಬಾರದಂತೆ ನೋಡಿಕೊಂಡರೆ, ಕರ್ಮವೀರರ ಹೆಸರನ್ನು ಸಭೆಗಳಲ್ಲಿ ಹೇಳಿಕೊಳ್ಳುವ ಅಧಿಕಾರ ಸಮುದಾಯಕ್ಕೆ ಬಂದೀತು.